ಉಡುಪಿನ ಚರಿತ್ರೆಯ ಪಾಠ

ವಿಶ್ವವಿದ್ಯಾಲಯದಲ್ಲಿ ಉಡುಗೆತೊಡುಗೆಯ ಚರಿತ್ರೆಯನ್ನು ಕಲಿಸುತ್ತಾರೆಂದರೆ ನಮ್ಮಲ್ಲಿ ಅನೇಕರು ಒಳಗೊಳಗೇ ನಗುವುದುಂಟು. ಅರಸರಿಗೆ ಚರಿತ್ರೆಯುಂಟು, ಸಾಹಿತ್ಯಕ್ಕೆ ಚರಿತ್ರೆಯುಂಟು. ಸೀರೆ ಕುಪ್ಪಸಗಳಿಗೂ ಅಂಗಿ ಮುಂಡಾಸುಗಳಿಗೂ ಚರಿತ್ರೆಯೆಂಬುದೊಂದು ಇದ್ದೀತೆ, ಇದ್ದರೂ ಅದು ಪದವಿಗೆ ತಕ್ಕ ವಿಷಯವೇ ಎಂಬುದು ಆ ನಗುವಿನ ಅರ್ಥ. ಆದರೆ ಈ ವಿಷಯವು ವಿದ್ವತ್ತಿನ ಹೊಸ್ತಿಲನ್ನು ದಾಟಿ ಬಹಳ ಕಾಲವಾಯಿತು. ಲಂಡನ್ನಿನ ಕೋರ್ಟಾಲ್ಡ್ ಕಲಾಸಂಸ್ಥೆಯಲ್ಲಿ ಸ್ಟೆಲ್ಲಾ ಮೇರಿ ನ್ಯೂಟನ್ ಎಂಬ ವಿದುಷಿ ಉಡುಪಿನ ಚರಿತ್ರೆಯ ಸ್ನಾತಕೋತ್ತರ ಪಾಠವನ್ನು ಆರಂಭಿಸಿದ್ದು 1965ರಲ್ಲಿ. ನಮ್ಮ ದೇಶದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು 1986ರಲ್ಲಿ ದೆಹಲಿಯಲ್ಲಿ ಹುಟ್ಟಿ, 1997ರಲ್ಲಿ ಬೆಂಗಳೂರಿಗೂ ಬಂದಿತು. ಆದ್ದರಿಂದ ಕಲಿಸಬೇಕೆ ಬೇಡವೆ ಎಂಬ ಚರ್ಚೆ ಮುಗಿದಂತೆಯೇ. ಏನನ್ನು ಕಲಿಸಬೇಕು, ಯಾರ ಕಣ್ಣಿನಿಂದ ನೋಡಿ ಕಲಿಸಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಈ ವಿಷಯದ ಹೆಸರಾಂತ ಗ್ರಂಥಗಳಲ್ಲೊಂದು ಫ್ರಾನ್ಸಿನ ಫ್ರಾಂಸ್ವಾ ಬೂಶೆಯವರದು. 1965ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾದಾಗ ಅದರ ಹೆಸರಿನಲ್ಲಿಯೇ ‘ಪಾಶ್ಚಾತ್ಯ ದೇಶಗಳ’ ಉಡುಪಿನ ಚರಿತ್ರೆ ಎಂಬ ಪ್ರಾಮಾಣಿಕವಾದ ಮಿತಿಯಿತ್ತು. ಅದೇ ಗ್ರಂಥ ಇಂಗ್ಲಿಷಿಗೆ ತಿರುಗಿ ಅಮೆರಿಕದಲ್ಲಿ ಅಚ್ಚಾದಾಗ ‘ಫ್ಯಾಷನ್ನಿನ 20,000 ವರ್ಷಗಳು’ ಎಂದಾಯಿತು. ಪಾಶ್ಚಾತ್ಯ ಎಂಬ ಮಾತು ಬಿದ್ದುಹೋಯಿತು. ಒಂದು ಖಂಡದ ಕಥೆ ಲೋಕದ ಕಥೆಯಾಯಿತು. ಫರ್ನಾಂಡ್ ಬ್ರೋಡೆಲ್‌ರಂಥ ಮಹಾ ಇತಿಹಾಸಕಾರರು ಕೂಡ ಯೂರೋಪಿನ ಉಡುಪು ಕಾಲಕಾಲಕ್ಕೆ ಬದಲಾಗುತ್ತ ಬಂದಿತೆಂದೂ, ಚೀನ ಭಾರತ ಮೊದಲಾದ ದೇಶಗಳಲ್ಲಿ ಅದು ಹೆಚ್ಚುಕಡಿಮೆ ನಿಂತಲ್ಲಿಯೇ ನಿಂತಿತೆಂದೂ ಬರೆದರು. ಅಂದರೆ ಫ್ಯಾಷನ್ ಅವರದು, ಸಂಪ್ರದಾಯ ನಮ್ಮದು. ಬದಲಾವಣೆ ಅವರದು, ಜಡತೆ ನಮ್ಮದು. ಈ ಮಾತು ನಿಜವೆ? ಅದನ್ನು ಪರೀಕ್ಷಿಸಲು ಎಲ್ಲಿಗೋ ಹೋಗಬೇಕಾಗಿಲ್ಲ. ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ ಸೀಮೆಯನ್ನೇ, ಅದರಲ್ಲಿಯೂ ಹುಣಸಗಿಯ ಸುತ್ತಲಿನ ನೆಲವನ್ನೇ ಒರೆಗಲ್ಲಾಗಿ ತೆಗೆದುಕೊಳ್ಳೋಣ.

ಹುಣಸಗಿ ಎಂದೊಡನೆ ಪುರಾತತ್ತ್ವಜ್ಞರಿಗೆ ನೆನಪಾಗುವುದು ಕಲ್ಲು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ ಬೈಚಬಾಳ ಕಣಿವೆಗಳನ್ನು ಶೋಧಿಸಿ ಆದಿಮಾನವನ ಇನ್ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಸಮೀಪದ ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡಿದ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಲೆಕ್ಕಹಾಕಿದ್ದಾರೆ. ಅಷ್ಟು ಹಳೆಯ ಕಲ್ಲು ನಮ್ಮ ಕೈಗೆ ಸಿಕ್ಕುತ್ತದೆ. ನೂರೈವತ್ತು ವರ್ಷಗಳ ಹಿಂದೆ ಅದೇ ಊರಿನ ಒಕ್ಕಲಗಿತ್ತಿ ಉಟ್ಟ ಸೀರೆ ಸಿಕ್ಕುವುದು ಅಪೂರ್ವ. ಬೆವರು, ಬಿಸಿಲು, ಗೆದ್ದಲು, ಬಡತನ ಇವೆಲ್ಲ ಸೇರಿ ಬಟ್ಟೆಯನ್ನು ತಿಂದುಹಾಕುತ್ತವೆ. ಉಡುಪಿನ ಚರಿತ್ರೆಯನ್ನು ಕಲಿಸುವವನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಮಾತು ಇದು: ಉಳಿದುದರ ಮೇಲೆ ಮಾತ್ರ ಕಟ್ಟಿದ ಚರಿತ್ರೆ ಉಳ್ಳವರ ಚರಿತ್ರೆಯಾಗುತ್ತದೆ.

ಬಟ್ಟೆ ಅಳಿದರೂ ನೇಯ್ದವನ ನೆನಪು ಈ ಸೀಮೆಯಲ್ಲಿ ಅಳಿದಿಲ್ಲ. ಬಸವಣ್ಣನವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನು ಸುರಪುರ ಸೀಮೆಯ ಮುದನೂರಿನವನು; ಆ ಊರಿನ ರಾಮನಾಥನೇ ಅವನ ವಚನಗಳ ಅಂಕಿತ. ಜೇಡ ಎಂದರೆ ನೇಕಾರ. ಅವನು ಬಹುಕಾಲ ಶ್ರಮಿಸಿ ನೇಯ್ದ ವಸ್ತ್ರವನ್ನು ಶಿವನೇ ಜಂಗಮನಾಗಿ ಬಂದು ಹರಿದುಹಾಕಿದನೆಂದೂ, ಮನನೋಯದ ಭಕ್ತನಿಗೆ ತವನಿಧಿಯನ್ನು ಕರುಣಿಸಿದನೆಂದೂ ಐತಿಹ್ಯವಿದೆ. ಕಥೆಯಲ್ಲಿಯೂ ಬಟ್ಟೆ ಉಳಿಯಲಿಲ್ಲ, ನೇಕಾರ ಉಳಿದ. ಹೊರಗಿನ ಕುರುಹುಗಳನ್ನು ನೋಡಿ ಇವಳು ಹೆಣ್ಣು, ಇವನು ಗಂಡು ಎನ್ನುವ ಲೋಕರೂಢಿಯನ್ನು ಪ್ರಶ್ನಿಸಿದವನೂ ಈ ನೇಕಾರನೇ. ಮೈಮೇಲಿನ ಗುರುತಿಗೂ ಒಳಗಿನ ಮನುಷ್ಯನಿಗೂ ಇರುವ ಸಂಬಂಧವೇನು ಎಂಬುದು ಇಂದಿನ ಫ್ಯಾಷನ್ ತರಗತಿಗಳಲ್ಲಿ ದೊಡ್ಡ ಚರ್ಚೆಯ ವಿಷಯ. ಅದರ ಬೀಜ ಇಷ್ಟು ಹತ್ತಿರದಲ್ಲಿದೆ.

ಇನ್ನು ಬದಲಾವಣೆಯ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೇ ಉಂಟು. ಯಾವ ಋತುವಿನಲ್ಲಿ ಎಂಥ ಬಟ್ಟೆಯನ್ನು ಉಡಬೇಕೆಂಬ ವಿವೇಚನೆಯ ಜೊತೆಗೆ ನಾಗಪಟ್ಟಣ, ಸಿಂಹಳ, ಮಹಾಚೀನಗಳಿಂದ ಬರುವ ವಸ್ತ್ರಗಳ ಹೆಸರುಗಳು ಅಲ್ಲಿವೆ. ದೂರದ ಬಟ್ಟೆ ಬೇಕೆನಿಸುವುದು, ಋತುವಿಗೊಂದು ಉಡುಪೆನ್ನುವುದು ನಿಂತ ನೀರಿನ ಲಕ್ಷಣಗಳಲ್ಲ. ವಿಜಯನಗರಕ್ಕೆ ಬಂದರೆ ಬದಲಾವಣೆ ಇನ್ನೂ ಸ್ಪಷ್ಟ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ರೇಷ್ಮೆಯ ನಿಲುವಂಗಿಯನ್ನು ವರ್ಣಿಸಿದ್ದಾನೆ. ಹದಿನಾರನೆಯ ಶತಮಾನದ ಲೇಪಾಕ್ಷಿಯ ಚಿತ್ರಗಳಲ್ಲಿ ಗಂಡಸರು ಉದ್ದನೆಯ ಕಬಾಯಿಯನ್ನು ತೊಟ್ಟು, ಎತ್ತರವಾದ ಕುಲ್ಲಾಯಿಯನ್ನು ಧರಿಸಿ ನಿಂತಿದ್ದಾರೆ. ಕಬಾಯಿ ಅರಬ್ಬಿಯ ‘ಕಬಾ’ದಿಂದ, ಕುಲ್ಲಾಯಿ ಪಾರಸಿಯ ‘ಕುಲಾಹ್’ದಿಂದ ಬಂದ ಮಾತುಗಳು. ಇಸ್ಲಾಮಿ ಆಸ್ಥಾನಗಳ ಈ ಉಡುಪನ್ನು ವಿಜಯನಗರದವರು ಸೋತು ತೊಟ್ಟದ್ದಲ್ಲ, ಅಂದಿನ ವಿಶಾಲ ಲೋಕದಲ್ಲಿ ಸಮಾನರಾಗಿ ನಿಲ್ಲುವುದಕ್ಕಾಗಿ ತಾವಾಗಿಯೇ ಆರಿಸಿಕೊಂಡದ್ದು ಎಂದು ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ವಾದಿಸಿದರು. ಆ ರಾಜಠೀವಿಯ ಕುಲ್ಲಾಯಿಯೇ ಇಂದು ಉತ್ತರ ಕರ್ನಾಟಕದ ಹಸುಗೂಸಿನ ತಲೆಯ ಮೇಲೆ ಕುಲಾವಿಯಾಗಿ ಕುಳಿತಿದೆ. ಅರಸನ ಶಿರಸ್ಸಿನಿಂದ ತೊಟ್ಟಿಲಿಗೆ ಇಳಿದ ಈ ಒಂದು ಮಾತೇ ತರಗತಿಯಲ್ಲಿ ಒಂದು ವಾರದ ಪಾಠಕ್ಕೆ ಸಾಕು.

ಹಾಗಿದ್ದ ಮೇಲೆ ನಮ್ಮ ಉಡುಪು ಬದಲಾಗಲೇ ಇಲ್ಲವೆಂಬ ನಂಬಿಕೆ ಎಲ್ಲಿಂದ ಬಂದಿತು? ಅದರ ಒಂದು ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. 1866ರಲ್ಲಿ ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಪ್ರತಿಗಳನ್ನು ಸಿದ್ಧಪಡಿಸಿದ. ಹದಿಮೂರು ಪ್ರತಿಗಳು ಬ್ರಿಟನ್ನಿಗೆ, ಏಳು ಭಾರತಕ್ಕೆ. ಇಲ್ಲಿಯ ಜನರ ಅಭಿರುಚಿಯನ್ನು ಅಳೆದು ಅಲ್ಲಿಯ ಗಿರಣಿಗಳು ನೇಯಬೇಕೆಂಬುದು ಉದ್ದೇಶ. ಇದೇ ವಾಟ್ಸನ್ ಜಾನ್ ಕೇ ಎಂಬವನೊಡನೆ ಸೇರಿ 1868ರಿಂದ 1875ರವರೆಗೆ ‘ಭಾರತದ ಜನ’ ಎಂಬ ಎಂಟು ಸಂಪುಟಗಳ ಛಾಯಾಚಿತ್ರ ಗ್ರಂಥವನ್ನು ಹೊರತಂದ. ಅದರ ವಿವರಣೆಗಳಿಗೆ ನೆರವಾದವರಲ್ಲಿ, 1841ರಿಂದ 1853ರವರೆಗೆ ಸುರಪುರದಲ್ಲಿದ್ದು ಬಾಲಕ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರನೂ ಒಬ್ಬ. ಒಂದೊಂದು ಜಾತಿಗೆ ಒಂದೊಂದು ಪಟ, ಒಂದೊಂದು ವೇಷ. ಕ್ಯಾಮೆರಾದ ಮುಂದೆ ಒಂದು ದಿನ ನಿಂತವನ ಉಡುಪು ಅವನ ಕುಲದ ಶಾಶ್ವತವಾದ ಉಡುಪಾಯಿತು. ಆ ಗ್ರಂಥಗಳ ಬೆಲೆ ಕಡಿಮೆಯಲ್ಲ. ಅವುಗಳಿಲ್ಲದೆ ಎಷ್ಟೋ ನೇಯ್ಗೆಗಳ ಸುಳಿವೇ ನಮಗೆ ಸಿಕ್ಕುತ್ತಿರಲಿಲ್ಲ. ಆದರೆ ಅವುಗಳನ್ನು ಓದುವಾಗ ಪಟವನ್ನು ತೆಗೆಸಿದವನ ಪ್ರಯೋಜನವನ್ನೂ ಸೇರಿಸಿ ಓದಬೇಕು.

ಈ ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ ಪುಸ್ತಕಕ್ಕೆ ಸೀಮಿತವಾದುದಲ್ಲ. ಹುಣಸಗಿಯಿಂದ ಕೃಷ್ಣೆಯನ್ನು ದಾಟಿದರೆ ಇಳಕಲ್ಲಿನ ಸೀಮೆ. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿಕೊಳ್ಳುವುದು ಹೀಗೆ. ಈ ಸೀರೆ ನಿಂತ ಸಂಪ್ರದಾಯವೆ? ಗಿರಣಿಯ ನೂಲು ಬಂದಾಗ ನೇಕಾರ ಅದನ್ನು ಒಗ್ಗಿಸಿಕೊಂಡ. ರಾಸಾಯನಿಕ ಬಣ್ಣ ಬಂದಾಗ ಅದನ್ನು ಕಲಿತ. ರೇಷ್ಮೆ ತುಟ್ಟಿಯಾದಾಗ ಕೃತಕ ರೇಷ್ಮೆಯಿಂದ ಬಡವರ ಮನೆಗೂ ಹೊಳಪನ್ನು ಮುಟ್ಟಿಸಿದ. ಇವೆಲ್ಲ ಆಲೋಚಿಸಿ ಕೈಗೊಂಡ ನಿರ್ಧಾರಗಳು. ಆದರೂ ನಗರದಲ್ಲಿ ಓದಿದ ತರುಣಿಯೊಬ್ಬಳು ಆ ಸೆರಗಿನಿಂದ ರವಿಕೆಯನ್ನೋ ಕೈಚೀಲವನ್ನೋ ಮಾಡಿಸಿದರೆ ಅವಳು ವಿನ್ಯಾಸಕಿ. ಸೆರಗನ್ನು ನೇಯ್ದವನು ‘ಸಾಂಪ್ರದಾಯಿಕ ಕುಶಲಕರ್ಮಿ’. ಒಬ್ಬರಿಗೆ ಹೆಸರು, ಇನ್ನೊಬ್ಬರಿಗೆ ಕೂಲಿ. ಈ ಅಂತರಕ್ಕೆ ಮಾರುಕಟ್ಟೆಯೊಂದೇ ಹೊಣೆಯಲ್ಲ. ತರಗತಿಯಲ್ಲಿ ನಾವು ಹೇಳಿಕೊಡುವ ಚರಿತ್ರೆಯೂ ಹೊಣೆ. ಬದಲಾಯಿಸುವ ಬುದ್ಧಿ ಯಾರಿಗಿತ್ತು ಎಂದು ಪಾಠ ಹೇಳುತ್ತದೆಯೋ ಅವರಿಗೆ ಮಾನ ಸಲ್ಲುತ್ತದೆ.

ಆದುದರಿಂದ ಯೂರೋಪನ್ನು ಬಿಟ್ಟು ಕಲಿಸಿರೆಂದು ನನ್ನ ವಾದವಲ್ಲ. ಪ್ಯಾರಿಸ್ಸಿನ ಉಡುಪಿಗೆ ಕಾಲಗಣನೆಯಿರುವಂತೆ ಇಳಕಲ್ಲಿನ ಸೆರಗಿಗೂ ಕಾಲಗಣನೆಯಿರಲಿ. ಅಲ್ಲಿಯ ದರ್ಜಿಗೆ ಹೆಸರಿರುವಂತೆ ಇಲ್ಲಿಯ ನೇಕಾರನಿಗೂ ಹೆಸರಿರಲಿ. ಅದಕ್ಕೆ ಬೇಕಾದ ಆಕರಗಳು ನಮ್ಮ ಸುತ್ತಲೇ ಇವೆ: ಜವಳಿ ಅಂಗಡಿಗಳ ಹಳೆಯ ಲೆಕ್ಕದ ಪುಸ್ತಕಗಳು, ಮದುವೆಯ ಖರ್ಚಿನ ಪಟ್ಟಿಗಳು, ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಪಟಗಳು, ಅಜ್ಜಿಯರ ಟ್ರಂಕುಗಳು. ಮೊಳಕಾಲು ಮುಚ್ಚುವ ಕಚ್ಚೆಯ ಸೀರೆಯಿಂದ ಇಂದಿನ ಚೂಡಿದಾರ ನೈಟಿಗಳವರೆಗೆ ಒಂದೇ ಮನೆಯ ಮೂರು ತಲೆಮಾರುಗಳು ನಡೆದುಬಂದ ದಾರಿಯನ್ನು ವಿದ್ಯಾರ್ಥಿಯು ತನ್ನ ಮನೆಯಲ್ಲಿಯೇ ಕೇಳಿ ಬರೆದುಕೊಳ್ಳಬಹುದು.

ಬಟ್ಟೆ ಉಳಿಯುವುದಿಲ್ಲವೆಂದೆ. ಆದರೆ ಉತ್ತರ ಕರ್ನಾಟಕದ ಹೆಂಗಸರು ಅದನ್ನು ಉಳಿಸುವ ಒಂದು ಉಪಾಯವನ್ನು ಬಲ್ಲರು. ಹರಿದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರುಗಳನ್ನಿಟ್ಟು ಅವರು ಕೌದಿ ಹೊಲಿಯುತ್ತಾರೆ. ಒಂದು ಹಳೆಯ ಕೌದಿಯಲ್ಲಿ ಮೇಲಿನ ಪದರ ಮಗಳ ಸೀರೆಯದು, ಅದರ ಕೆಳಗಿನದು ತಾಯಿಯದು. ಒಂದು ಮೂಲೆಯಲ್ಲಿ ಕೂಸಿನ ಕುಲಾವಿಯ ತುಂಡೂ ಇದ್ದೀತು. ಅಗೆಯುವವನು ಮಣ್ಣಿನ ಪದರಗಳನ್ನು ಎಣಿಸುವಂತೆ ಅದರ ಪದರಗಳನ್ನು ಎಣಿಸಬಹುದು. ನಮ್ಮ ವಿಶ್ವವಿದ್ಯಾಲಯಗಳು ಉಡುಪಿನ ಚರಿತ್ರೆಗೆ ವಸ್ತುಸಂಗ್ರಹಾಲಯಗಳನ್ನು ಕಟ್ಟುವ ಕಾಲಕ್ಕೆ ಕಟ್ಟಲಿ. ಅಲ್ಲಿಯವರೆಗೆ ಒಂದು ಕೌದಿಯನ್ನು ತರಗತಿಯ ಮೇಜಿನ ಮೇಲೆ ಹಾಸಿ ಪಾಠವನ್ನು ಆರಂಭಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.