ಪರಿಕಲ್ಪನಾ ನಕ್ಷೆ

ಪರಿಕಲ್ಪನೆಗಳನ್ನು ಚೌಕಟ್ಟುಗಳಲ್ಲಿ ಬರೆದು, ಅವುಗಳ ಸಂಬಂಧವನ್ನು ಗೆರೆ ಹಾಗೂ ಜೋಡಣೆಯ ಪದಗಳಿಂದ ತೋರಿಸುವ ಕಲಿಕಾ ಸಾಧನ. ಮಕ್ಕಳ ವಿಜ್ಞಾನದ ತಿಳಿವಳಿಕೆ ಬದಲಾಗುವ ಬಗೆಯನ್ನು ಗುರುತಿಸಲು ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1972ರಲ್ಲಿ ಇದನ್ನು ರೂಪಿಸಿದರು. ಹೊಸ ಅರಿವು ಹಳೆಯದರೊಡನೆ ಬೆಸೆದಾಗಲೇ ಅರ್ಥಪೂರ್ಣವಾಗುತ್ತದೆ ಎಂಬ ಡೇವಿಡ್ ಆಸುಬೆಲ್ ಅವರ ಸಿದ್ಧಾಂತ ಇದರ ತಳಹದಿ. ನಕ್ಷೆಯ ಜೀವಾಳ ಗೆರೆಯ ಮೇಲಿನ ಪದವೇ: ‘ಸಸ್ಯ’, ‘ಆಮ್ಲಜನಕ’ಗಳ ನಡುವೆ ‘ಬಿಡುಗಡೆ ಮಾಡುತ್ತದೆ’ ಎಂದು ಬರೆದ ವಿದ್ಯಾರ್ಥಿ ಒಂದು ಹೇಳಿಕೆಗೆ ಬದ್ಧನಾಗುತ್ತಾನೆ, ಸಂಬಂಧ ತಪ್ಪಿದ್ದರೆ ಶಿಕ್ಷಕರಿಗೆ ಅಲ್ಲೇ ಕಾಣುತ್ತದೆ. ಆದರೆ ಸಂಶೋಧಕರಾದ ಕಾರ್ಪಿಕ್ ಮತ್ತು ಬ್ಲಂಟ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಠ್ಯ ನೋಡಿಕೊಂಡು ನಕ್ಷೆ ಬಿಡಿಸಿದವರಿಗಿಂತ ಓದಿದ್ದನ್ನು ನೆನಪಿನಿಂದ ಬರೆದವರೇ ಕಲಿಕೆಯಲ್ಲಿ ಮುಂದಿದ್ದರು. ಈ ಆಕ್ಷೇಪ ಗಟ್ಟಿಯಾದದ್ದೇ. ಆದರೂ ಅದು ಸೋಲಿಸುವುದು ಪಠ್ಯ ನೋಡಿಕೊಂಡು ಬಿಡಿಸುವ ಕ್ರಮವನ್ನು ಮಾತ್ರ. ಪಠ್ಯ ಮುಚ್ಚಿಟ್ಟು ರಚಿಸಿದ ನಕ್ಷೆಯೂ ಸ್ಮರಣೆಯ ಅಭ್ಯಾಸವಾಗಬಲ್ಲದೆಂದು ಅದೇ ಸಂಶೋಧಕರು 2014ರಲ್ಲಿ ತೋರಿಸಿದರು.