ಕನ್ಯಾಸ್ತ್ರೀ ದೀಕ್ಷೆ

ಕ್ಯಾಥೋಲಿಕ್ ಧರ್ಮಸಭೆಯಲ್ಲಿ ದೈವಕರೆಯನ್ನು ಪರಾಮರ್ಶಿಸಿ ಹಂತಹಂತವಾಗಿ ಕನ್ಯಾಸ್ತ್ರೀಯಾಗುವ ಕ್ರಮ. ಪ್ರಾರ್ಥನೆ, ಆತ್ಮಾವಲೋಕನ ಹಾಗೂ ಆಧ್ಯಾತ್ಮಿಕ ಮಾರ್ಗದರ್ಶಕರ ನೆರವಿನಿಂದ ಯುವತಿ ತನ್ನ ಕರೆಯನ್ನು ಒರೆಗೆ ಹಚ್ಚುತ್ತಾಳೆ. ಸೇರಬಯಸುವ ಸಂಸ್ಥೆಯೂ ಅವಳ ಆರೋಗ್ಯ, ಸ್ವಭಾವ, ಪ್ರೌಢತೆಗಳನ್ನು ಗಮನಿಸುತ್ತದೆ. ಮೊದಲ ಸಿದ್ಧತೆಯ ಬಳಿಕ ನೊವಿಷಿಯೇಟ್ ಎಂಬ ತರಬೇತಿ ಆರಂಭ. 1983ರ ಧರ್ಮಸಭಾ ಕಾನೂನಿನಂತೆ ಇದಕ್ಕೆ 17 ವರ್ಷ ತುಂಬಿರಬೇಕು. ಅವಧಿ ಕನಿಷ್ಠ 12 ತಿಂಗಳು. ಅನಂತರ ಬ್ರಹ್ಮಚರ್ಯ, ಬಡತನ, ವಿಧೇಯತೆಗಳ ತಾತ್ಕಾಲಿಕ ವ್ರತ. ಸಾಮಾನ್ಯವಾಗಿ 3ರಿಂದ 6 ವರ್ಷಗಳ ಈ ಅವಧಿ ಮುಗಿಸಿ, 21 ವರ್ಷ ತುಂಬಿದವರು ಆಜೀವ ವ್ರತ ಕೈಗೊಳ್ಳಬಹುದು. ಬಲವಂತದಿಂದ ಪಡೆದ ವ್ರತ ಅಸಿಂಧು. ಇಂಥ ಕನ್ಯಾಸ್ತ್ರೀಯರ ಸಂಸ್ಥೆಗಳ ಪೈಕಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು. 1921ರಲ್ಲಿ ಅದೇ ಊರಿನಲ್ಲಿ ಬೆಥನಿ ಎಂಬ ಇನ್ನೊಂದು ಸಂಸ್ಥೆ ಹುಟ್ಟಿತು.