ತಲೆ ಎಣಿಕೆ, ಬಗೆ ಎಣಿಕೆ: ನಮ್ಮ ನಾಲ್ಕು ತಾಲ್ಲೂಕುಗಳ ಮೂರು ಧಾಮಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಮೂರು ಧಾಮಗಳಿವೆ. ಒಂದು ನೀರಹಕ್ಕಿಗೆ, ಒಂದು ತೋಳಕ್ಕೆ, ಒಂದು ನವಿಲಿಗೆ. ಅವುಗಳ ಚರಿತ್ರೆ ಒಂದು ಪಾಠ ಹೇಳುತ್ತದೆ: ಒಂದು ಪ್ರಾಣಿಯ ತಲೆ ಎಣಿಸುವುದು ಬೇರೆ, ಒಂದು ಜಾಗದಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂದು ಎಣಿಸುವುದು ಬೇರೆ. ಬಗೆ ಕಮ್ಮಿಯಾದರೆ ತಲೆ ಎಣಿಕೆಯೂ ಹದ ತಪ್ಪುತ್ತದೆ.

ಮೊದಲು ರಂಗನತಿಟ್ಟು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು. ಉದ್ದೇಶ ನೀರಾವರಿ. ಆದರೆ ಹೊಳೆ ನಡುವೆ ತಿಟ್ಟುಗಳು ಉಳಿದು ಹಕ್ಕಿಗಳಿಗೆ ಮನೆಯಾದವು. ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ ಸುಮಾರು 225 ಬಗೆಯ ಹಕ್ಕಿ, 69 ಬಗೆಯ ಮೀನುಗಳಿವೆ. ಇಷ್ಟೊಂದು ಹಕ್ಕಿ ಒಂದೇ ಕಡೆ ಬಾಳುವುದು ಹೇಗೆ? ಬಾಯಿಕಳಕ ಬಸವನಹುಳು ತಿನ್ನುತ್ತದೆ, ಚಮಚದ ಕೊಕ್ಕಿನ ಹಕ್ಕಿ ಕೆಸರು ಜಾಲಾಡುತ್ತದೆ, ಹೆಜ್ಜಾರ್ಲೆ ಮೀನು ಹಿಡಿಯುತ್ತದೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಅಷ್ಟಾಗಿ ಕೈ ಹಾಕುವುದಿಲ್ಲ.

ಎರಡನೆಯದು ಮೇಲುಕೋಟೆ ದೇವಸ್ಥಾನ ವನ್ಯಧಾಮ. 1974ರಲ್ಲಿ ತೋಳದ ರಕ್ಷಣೆಗೆಂದು ಆಯಿತು. ಸುಮಾರು 50 ಚದರ ಕಿಲೋಮೀಟರ್, ಕೆ.ಆರ್. ಪೇಟೆ ಕಡೆಯ ನಾರಾಯಣದುರ್ಗವೂ ಇದಕ್ಕೆ ಸೇರಿದೆ. ತೋಳಕ್ಕೆ ದಟ್ಟ ಕಾಡು ಬೇಡ. ಕುರುಚಲು ಗುಡ್ಡ, ಬಂಡೆ ಸಂದು, ಬಯಲು ಸಾಕು. ನಾವು ಬೀಳು ಎಂದು ಬರೆದುಬಿಡುವ ಜಾಗವೇ ಅದರ ಮನೆ. ಅಲ್ಲಿ ಮೊಲದಂಥ ಬೇಟೆ ಕಮ್ಮಿಯಾದರೆ ತೋಳ ಕುರಿಹಟ್ಟಿಗೇ ಬರುತ್ತದೆ. ನಷ್ಟ ಕುರಿ ಸಾಕಿದವರಿಗೆ.

ಮೂರನೆಯದು ನಾಗಮಂಗಲದ ಆದಿಚುಂಚನಗಿರಿ ನವಿಲುಧಾಮ. 1981ರದು, 200 ಎಕರೆ ಆಸುಪಾಸು. ನವಿಲಿಗೆ ಬೇಲಿಯಿಲ್ಲ, ಹೊಲದ ಕಾಳು, ಎಳೆ ಸಸಿ ಯಾವಾಗಲೂ ಸಿಗುತ್ತವೆ. ಮೊಟ್ಟೆ ಕದಿಯುವ ಮುಂಗುಸಿ, ಮರಿ ಹಿಡಿಯುವ ನರಿ ಕಮ್ಮಿಯಾದರೆ ಅದರ ಸಂಖ್ಯೆಗೆ ತಡೆ ಇರುವುದಿಲ್ಲ. ಆಗ ರೈತ ನವಿಲನ್ನು ಬೈಯುತ್ತಾನೆ. ನರಿ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಕೇಳುವುದಕ್ಕೆ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಬರೆದಿಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲೆ ತೋರಿಸಿ ಎನ್ನಿ. ಕುರಿ ಮೇಯಿಸುವವರು, ಮೀನು ಹಿಡಿಯುವವರು, ಹೊಲದಲ್ಲಿ ಕಳೆ ಕೀಳುವ ಹೆಂಗಸರು ಹೇಳಿದ್ದು ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿ.